ಒಂದೇ ಪ್ರವಾಹ, ಎರಡು ದಾರಿ: ಸ್ನ್ಯಾಪ್ ಮತ್ತು ಅರ್ಥ್ ಎಂಜಿನ್

ವಿಪತ್ತು ನಿರ್ವಹಣೆ ಓದುವಾಗ ಪ್ರವಾಹದ ನಕ್ಷೆ ಮಾಡುವ ಅಭ್ಯಾಸ ಬಂದೇ ಬರುತ್ತದೆ. ಅದನ್ನು ಯಾವುದರಲ್ಲಿ ಮಾಡೋದು ಅನ್ನುವುದೇ ಮೊದಲ ಗೊಂದಲ. ನಾನು ಒಂದೇ ಪ್ರವಾಹವನ್ನು ಎರಡು ರೀತಿಯಲ್ಲಿ ಮಾಡಿ ನೋಡಿದೆ. ಮೊದಲು ಉಪಗ್ರಹದ ಚಿತ್ರ ಇಳಿಸಿಕೊಂಡು ಲ್ಯಾಪ್‌ಟಾಪ್‌ನಲ್ಲೇ ಸ್ನ್ಯಾಪ್ (ಉಪಗ್ರಹ ಚಿತ್ರ ಸಂಸ್ಕರಿಸುವ ತಂತ್ರಾಂಶ) ಮತ್ತು ಕ್ಯೂಜಿಐಎಸ್ (ನಕ್ಷೆ ಮಾಡುವ ತಂತ್ರಾಂಶ). ಆಮೇಲೆ ಬ್ರೌಸರ್‌ನಲ್ಲಿ ಗೂಗಲ್ ಅರ್ಥ್ ಎಂಜಿನ್, ಇಲ್ಲಿ ನಾವು ಕೋಡ್ ಬರೆದರೆ ಲೆಕ್ಕ ಗೂಗಲ್‌ನ ಕಂಪ್ಯೂಟರ್‌ಗಳಲ್ಲಿ ಆಗುತ್ತದೆ. ವಿದ್ಯಾರ್ಥಿಗೆ ಎರಡೂ ಪುಕ್ಕಟೆ.

ಚಿತ್ರವೂ ಒಂದೇ, ಯುರೋಪಿನ ಸೆಂಟಿನೆಲ್-1 ಉಪಗ್ರಹದ್ದು. ಇದು ರೇಡಾರ್, ಮೋಡ ಇದ್ದರೂ ನೆಲ ಕಾಣುತ್ತದೆ. ಪ್ರವಾಹದ ದಿನ ಮೋಡ ಇಲ್ಲದೆ ಇರುತ್ತಾ? ನಿಂತ ನೀರು ರೇಡಾರ್ ಅಲೆಯನ್ನು ಕನ್ನಡಿಯ ಹಾಗೆ ಆಚೆ ತಳ್ಳಿಬಿಡುತ್ತದೆ, ಹಾಗಾಗಿ ಕಪ್ಪಾಗಿ ಕಾಣುತ್ತದೆ.

ಸ್ನ್ಯಾಪ್ ತಾಳ್ಮೆ ಬೇಡುತ್ತದೆ. ಒಂದೊಂದು ಚಿತ್ರ ಸುಮಾರು 1 ಜಿಬಿ. ಆರ್ಬಿಟ್ ಫೈಲ್ (ಉಪಗ್ರಹ ಇದ್ದ ನಿಖರ ಜಾಗ), ಕ್ಯಾಲಿಬ್ರೇಷನ್ (ಅಂಕಿಗಳನ್ನು ಸರಿಯಾದ ಅಳತೆಗೆ ತರುವುದು), ಸ್ಪೆಕಲ್ ಫಿಲ್ಟರ್ (ರೇಡಾರ್ ಚಿತ್ರದ ಚುಕ್ಕೆ ಚುಕ್ಕೆ ಕಲೆ ಕಡಿಮೆ ಮಾಡುವುದು), ಟೆರೈನ್ ಕರೆಕ್ಷನ್ (ನೆಲದ ಏರಿಳಿತ ಲೆಕ್ಕ ಹಿಡಿದು ಚಿತ್ರವನ್ನು ನಕ್ಷೆಗೆ ಹೊಂದಿಸುವುದು) ಎಲ್ಲವನ್ನೂ ನಾವೇ ಸಾಲಾಗಿ ಓಡಿಸಬೇಕು. ನನ್ನದು 8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್. ಊಟ ಮುಗಿಸಿ ಬಂದರೂ ಹಸಿರು ಪಟ್ಟಿ ಅರ್ಧದಲ್ಲೇ ನಿಂತಿರುತ್ತಿತ್ತು. ಅದಕ್ಕಿಂತ ಮಜಾ, ಮೊದಲ ದಿನ ಚಿತ್ರ ತೆರೆದರೆ ನದಿ ತಲೆಕೆಳಗು! ಫೈಲೇ ಹಾಳಾಗಿದೆ ಅಂತ ಮತ್ತೊಮ್ಮೆ ಇಳಿಸಿಕೊಂಡೆ. ಹಾಳೇನೂ ಆಗಿರಲಿಲ್ಲ. ಅವತ್ತು ಉಪಗ್ರಹ ದಕ್ಷಿಣದಿಂದ ಉತ್ತರಕ್ಕೆ ಹೋಗಿತ್ತು, ಕಂಡ ಸಾಲುಗಳನ್ನು ಕಂಡ ಕ್ರಮದಲ್ಲೇ ಬರೆದಿತ್ತು. ಟೆರೈನ್ ಕರೆಕ್ಷನ್ ಮಾಡಿದ ಮೇಲೆ ನದಿ ನೆಟ್ಟಗಾಯಿತು.

ಅರ್ಥ್ ಎಂಜಿನ್‌ನಲ್ಲಿ ಈ ಗೋಳು ಇಲ್ಲ. ಅಲ್ಲಿನ ಚಿತ್ರಗಳಿಗೆ ಕ್ಯಾಲಿಬ್ರೇಷನ್, ಟೆರೈನ್ ಕರೆಕ್ಷನ್ ಮೊದಲೇ ಆಗಿರುತ್ತದೆ. ಸ್ಪೆಕಲ್ ಫಿಲ್ಟರ್ ಮಾತ್ರ ನಾವು ಹಾಕಬೇಕು. ವಿಪತ್ತಿನಲ್ಲಿ ಉಪಗ್ರಹ ಮಾಹಿತಿ ಬಳಸಲು ನೆರವಾಗುವ ವಿಶ್ವಸಂಸ್ಥೆಯ ಕಾರ್ಯಕ್ರಮ ಯುಎನ್-ಸ್ಪೈಡರ್ ಕೊಡುವ ವಿಧಾನವನ್ನೇ ಹಿಡಿದೆ. ಪ್ರವಾಹದ ನಂತರದ ಚಿತ್ರವನ್ನು ಮೊದಲಿನ ಚಿತ್ರದಿಂದ ಭಾಗಿಸಿ, 1.25ಕ್ಕಿಂತ ಜಾಸ್ತಿ ಬಂದ ಜಾಗವನ್ನು ಪ್ರವಾಹ ಅಂತ ಹಿಡಿಯುವುದು (ಇಲ್ಲಿನ ಅಂಕಿಗಳು ಡೆಸಿಬೆಲ್‌ನಲ್ಲಿ, ಮೈನಸ್‌ನಲ್ಲಿರುತ್ತವೆ, ಹಾಗಾಗಿ ಜಾಗ ಕಪ್ಪಾದಷ್ಟೂ ಭಾಗಲಬ್ಧ ಜಾಸ್ತಿ). ವರ್ಷದಲ್ಲಿ 10 ತಿಂಗಳಿಗಿಂತ ಹೆಚ್ಚು ನೀರಿರುವ ಕೆರೆ, ನದಿಗಳನ್ನು ತೆಗೆಯುವುದು. ಶೇ. 5ಕ್ಕಿಂತ ಹೆಚ್ಚು ಇಳಿಜಾರಿನ ಜಾಗವನ್ನೂ ಬಿಡುವುದು. ಕೆಲವೇ ನಿಮಿಷದಲ್ಲಿ ನಕ್ಷೆ ರೆಡಿ.

ಆದರೆ ಅವಸರದಲ್ಲಿ ಕೋಡ್‌ನ ಇಳಿಜಾರಿನ ಸಾಲನ್ನೇ ಬಿಟ್ಟು ಓಡಿಸಿದ್ದೆ. ಬೆಟ್ಟದ ಒಂದು ಮಗ್ಗುಲೆಲ್ಲ ನೀಲಿ! ಬೆಟ್ಟಕ್ಕೆ ಪ್ರವಾಹ ಹತ್ತುತ್ತಾ? ಆ ಸಾಲು ಸೇರಿಸಿದರೆ ನೀಲಿ ಹೋಗುತ್ತಿತ್ತು, ತಪ್ಪೂ ಅದರ ಹಿಂದೆ ಬಚ್ಚಿಟ್ಟುಕೊಳ್ಳುತ್ತಿತ್ತು. ತಲೆಕೆಳಗಾದ ನದಿ ನೆನಪಾಗಿ ಉಪಗ್ರಹ ಹೋದ ದಿಕ್ಕು ನೋಡಿದೆ. ಮೊದಲಿನ ಚಿತ್ರ ಉತ್ತರದಿಂದ ಇಳಿಯುವಾಗಿನದು, ನಂತರದ್ದು ದಕ್ಷಿಣದಿಂದ ಏರುವಾಗಿನದು. ರೇಡಾರ್ ಪಕ್ಕಕ್ಕೆ ನೋಡುತ್ತದೆ, ದಿಕ್ಕು ಬದಲಾದರೆ ಬೆಟ್ಟದ ನೆರಳೂ ಮಗ್ಗುಲು ಬದಲಿಸುತ್ತದೆ. ದಿಕ್ಕಿನ ಫಿಲ್ಟರ್ ಒಂದು ಸಾಲು ಹಾಕಿದೆ, ಸರಿಹೋಯಿತು. ಸ್ನ್ಯಾಪ್‌ನಲ್ಲಿ ಒದ್ದಾಡಿರದಿದ್ದರೆ ಇದು ನನಗೆ ಹೊಳೆಯುತ್ತಲೇ ಇರಲಿಲ್ಲ.

ಕಟ್ಟಡಗಳ ನಡುವೆ ನಿಂತ ನೀರಿನ ವಿಷಯದಲ್ಲಿ ಎರಡೂ ಸೋತವು. ಅಲೆ ನೀರಿಗೆ ತಾಗಿ, ಗೋಡೆಗೆ ತಾಗಿ ವಾಪಸ್ ಬರುತ್ತದೆ. ಅಲ್ಲಿ ನೀರು ಕಪ್ಪಾಗುವ ಬದಲು ಹೊಳೆಯುತ್ತದೆ. ಒಂದು ಉಪಗ್ರಹ ಅದೇ ಹಾದಿಗೆ ಮರಳೋದು 12 ದಿನಕ್ಕೊಮ್ಮೆ. ನಡುವೆ ಬಂದು ಇಳಿದುಹೋದ ನೀರನ್ನು ಯಾವ ತಂತ್ರಾಂಶವೂ ತೋರಿಸಲಾರದು.

ಹೊಸಬರು ಮೊದಲ ಎರಡು ಅಭ್ಯಾಸವನ್ನು ಸ್ನ್ಯಾಪ್‌ನಲ್ಲೇ ಮಾಡಲಿ ಅಂತ ನನ್ನ ಹಟ. ಬೈದುಕೊಂಡರೂ ಪರವಾಗಿಲ್ಲ. ನಾನೀಗ ಲೆಕ್ಕವನ್ನೆಲ್ಲ ಅರ್ಥ್ ಎಂಜಿನ್‌ಗೆ ಬಿಟ್ಟಿದ್ದೇನೆ. ಅಲ್ಲಿಂದ ಜಿಯೋಟಿಫ್ (ನಕ್ಷೆಯ ಮೇಲಿನ ಜಾಗದ ಮಾಹಿತಿಯೂ ಇರುವ ಚಿತ್ರ ಫೈಲ್) ತಂದು ಸೂಚಿ, ಅಳತೆ ಪಟ್ಟಿ, ಊರಿನ ಹೆಸರು ಎಲ್ಲವನ್ನೂ ಕ್ಯೂಜಿಐಎಸ್‌ನಲ್ಲಿ ಹಾಕುತ್ತೇನೆ. ಪ್ರವಾಹದ ಜಾಗದಲ್ಲಿ ನೆಟ್ ಹೋದರೆ ಅರ್ಥ್ ಎಂಜಿನ್ ತೆರೆಯುವುದೇ ಇಲ್ಲ, ಅದಕ್ಕೇ ಒಂದು ಪ್ರತಿ ಪೆನ್ ಡ್ರೈವ್‌ನಲ್ಲೂ ಇರುತ್ತದೆ.