ಒಣಗಿದ ಪೈನ್ ಸೂಜಿ, ಕಾಂಟ್ಯಾಕ್ಟ್ ಪ್ರೋಬ್, ಕೊಡಗಿನ ಮಳೆ

ಪೊನ್ನಂಪೇಟೆಯ ಲ್ಯಾಬೊಂದರಲ್ಲಿ ನನ್ನ ಕೆಲಸ. ಹಿಮಾಚಲದಿಂದ ಬಂದ ಚೀರ್ ಪೈನ್ ಸೂಜಿಗಳನ್ನು ಒಣಗಿಸಿ, ಅವು ಎಷ್ಟು ಬೆಳಕನ್ನು ವಾಪಸು ಕಳಿಸುತ್ತವೆ ಅಂತ ಅಳೆಯೋದು. ಸ್ಪೆಕ್ಟ್ರೋರೇಡಿಯೋಮೀಟರ್‌ಗೆ (ಬೆಳಕನ್ನು ಅಲೆಯುದ್ದದ ಪ್ರಕಾರ ಬಿಡಿಸಿ ಅಳೆಯುವ ಯಂತ್ರ) ಸಿಕ್ಕಿಸಿ, ಮಾದರಿಯ ಮೇಲೆ ಒತ್ತಿ ಹಿಡಿಯುವ ಈ ಕಾಂಟ್ಯಾಕ್ಟ್ ಪ್ರೋಬ್ ಕೊಳ್ಳಬಹುದಾ ಅಂತ ಕೇಳುವವರಿಗೆ ನನ್ನ ಅನುಭವ ಹೇಳ್ತೀನಿ. ಕಂಪನಿ ಹೆಸರು ಬೇಡ.

ಒಳಗೆ ಹ್ಯಾಲೊಜನ್ ದೀಪ, ತುದಿಗೆ ಗಾಜು. ಯಂತ್ರ ನೋಡೋದು 350ರಿಂದ 2500 ನ್ಯಾನೋಮೀಟರ್ ಅಲೆಯುದ್ದದವರೆಗಿನ ಬೆಳಕನ್ನು. ಕಾಫಿ ಎಲೆಯಾದರೆ ಗಾಜನ್ನು ಪೂರ್ತಿ ಮುಚ್ಚುತ್ತದೆ, ತಲೆನೋವಿಲ್ಲ. ಪೈನ್ ಸೂಜಿಯ ಅಗಲ ಸುಮಾರು ಒಂದು ಮಿಲಿಮೀಟರ್. ಸಂದು ಉಳಿದರೆ ಅಡಿಯ ಕಪ್ಪು ತಟ್ಟೆಯೂ ಲೆಕ್ಕಕ್ಕೆ ಸೇರಿ ಪ್ರತಿಫಲನ ಕಡಿಮೆ ಬರುತ್ತದೆ. ಹಾಗಾಗಿ ಸೂಜಿ ಕತ್ತರಿಸಿ, ತಟ್ಟೆ ಕಾಣದಷ್ಟು ದಪ್ಪಕ್ಕೆ ಒತ್ತಿ, ಪ್ರತಿ ರೀಡಿಂಗ್‌ಗೂ ತಟ್ಟೆಯನ್ನು ಕಾಲು ಸುತ್ತು ತಿರುಗಿಸಿ, ಸರಾಸರಿ ತೆಗೆಯಿರಿ. ಆದರೂ ಸಿಗೋದು ರಾಶಿಯ ಪ್ರತಿಫಲನ; ಒಂಟಿ ಸೂಜಿಯದ್ದೇ ಬೇಕಿದ್ದರೆ ಇಂಟಿಗ್ರೇಟಿಂಗ್ ಸ್ಫಿಯರ್ (ಚದುರಿದ ಬೆಳಕನ್ನೆಲ್ಲ ಕೂಡಿಸುವ, ಒಳಗೆ ಬಿಳಿಯಾದ ಟೊಳ್ಳು ಗೋಳ) ಬೇಕು. (ಗಾಳಿಮರದ ಕಡ್ಡಿ ತಂದು ‘ಇದಕ್ಕೂ ನೋಡಿ’ ಅನ್ನುವವರಿದ್ದಾರೆ. ಅದು ಪೈನ್ ಜಾತಿಯೂ ಅಲ್ಲ, ಆ ಹಸಿರು ಕಡ್ಡಿ ಎಲೆಯೂ ಅಲ್ಲ, ರೆಂಬೆ!)

ನಿಜವಾದ ಕಾಟ ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜೋರು ಮಳೆಯಲ್ಲಿ. 65 ಡಿಗ್ರಿ ಓವನ್‌ನಲ್ಲಿ ಎರಡು ದಿನ ಒಣಗಿದ ಸೂಜಿ ಹೊರಗೆ ತೆಗೆದಿಟ್ಟರೆ ಹಪ್ಪಳದ ಹಾಗೆ ಮೆತ್ತಗಾಗುತ್ತದೆ. ಗ್ರಾಫಿನಲ್ಲಿ 1450, 1940 ನ್ಯಾನೋಮೀಟರ್ ಹತ್ತಿರ, ನೀರು ಬೆಳಕು ಹೀರುವ ಕಡೆ, ಕುಳಿ ಮತ್ತೆ ಹಾಜರ್. ಒಣಗಿಸಿದ್ದೇ 2100, 2300ರ ಆಸುಪಾಸಿನ ಸೆಲ್ಯುಲೋಸ್, ಲಿಗ್ನಿನ್ (ಗಿಡದ ನಾರು, ಗಡಸಿನ ಅಂಶ) ಗುರುತು ಸ್ಪಷ್ಟವಾಗಿ ಕಾಣಲಿ ಅಂತ. ನೀರು ಅದನ್ನೇ ಮಸುಕು ಮಾಡುತ್ತದೆ. ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಮುಚ್ಚಿದ ಪಾತ್ರೆ, ಅಂದರೆ ಡೆಸಿಕೇಟರ್‌ನಿಂದ ಒಂದೊಂದೇ ತಟ್ಟೆ ತೆಗೆದು ಕೂಡಲೇ ಅಳೆಯಬೇಕು. ಪ್ರೋಬನ್ನು ಒತ್ತಿ ಹಿಡಿದೇ ಇದ್ದರೆ ದೀಪದ ಬಿಸಿಗೆ ತೇವ ಆರಿ ಕಣ್ಣೆದುರೇ ಗ್ರಾಫ್ ಸರಿಯುತ್ತದೆ.

ಕರೆಂಟ್ ಹೋದರೆ ಮತ್ತೆ ಅರ್ಧ ಗಂಟೆ ದೀಪ ಕಾಯಿಸಬೇಕು. ಯುಪಿಎಸ್ ಇಲ್ಲದೆ ಈ ಕಡೆ ಇದರ ಸಹವಾಸ ಬೇಡ.

ಪ್ರತಿಫಲನವನ್ನು ಹೋಲಿಸಿ ನೋಡಲು ಮೊದಲು ಅಳೆಯುವ ಬಿಳಿ ಫಲಕಕ್ಕೆ ಸೂಜಿಯ ಅಂಟು ಹತ್ತಿದರೆ ಬಟ್ಟೆಯಲ್ಲಿ ಉಜ್ಜಬೇಡಿ. ನಲ್ಲಿ ನೀರಿನಡಿ ಹಿಡಿದು ನಯವಾದ ವಾಟರ್‌ಪೇಪರ್‌ನಲ್ಲಿ ತಿಕ್ಕಿ. ನೀರು ನಿಲ್ಲದೆ ಹನಿಯಾಗಿ ಜಾರಿದರೆ ಶುಚಿಯಾಯಿತು ಅಂತ ಅರ್ಥ.

ಒಣ ಮಾದರಿಗೆ ಧಾರಾಳವಾಗಿ ಕೊಳ್ಳಿ, ಐದಕ್ಕೆ ನಾಲ್ಕು ಕೊಡ್ತೀನಿ. ಬರೀ ಹಸಿ ಎಲೆಯ ಕೆಲಸವಾದರೆ ಇದು ಬೇಡ, ಎಲೆಯನ್ನು ಕಚ್ಚಿ ಹಿಡಿಯುವ, ಕಮ್ಮಿ ಬಿಸಿಯ ಲೀಫ್ ಕ್ಲಿಪ್ ಕೇಳಿ.