ಡಿಇ ಪುಡಿಯನ್ನು ಕುಂಡದ ಮಣ್ಣಿಗೆ ಬೆರೆಸುವ ಮುಂಚೆ ಇದನ್ನು ಓದಿ

ನಮ್ಮ ಬೆಂಗಳೂರಿನ ಮನೆಯ ತಾರಸಿಯಲ್ಲಿ ಎಂಟು ಗ್ರೋ ಬ್ಯಾಗ್ ಟೊಮೆಟೊ, ಮೆಣಸಿನಕಾಯಿ ಹಾಕಿದ್ದೆ. ಡಯಾಟಮೇಷಿಯಸ್ ಅರ್ತ್ (ಡಿಇ) ಎಂಬ ಪುಡಿ ಬೆರೆಸಿದರೆ ಮಣ್ಣು ಸಡಿಲ ಆಗುತ್ತೆ, ಇರುವೆ, ಹುಳ ಎಲ್ಲ ಹೋಗುತ್ತೆ ಅಂತ ಮಾರುವವರು ಹೇಳಿದರು. ನಂಬಿ 10 ಕೆಜಿ ತರಿಸಿದೆ. ಕೆಂಪು ಮಣ್ಣು, ಕೋಕೋಪೀಟ್, ಎರೆಗೊಬ್ಬರ ಸೇರಿಸಿ, ಐದು ಪಾಲಿಗೆ ಒಂದು ಪಾಲು ಈ ಪುಡಿ ಹಾಕಿ ಕೈಯಲ್ಲೇ ಕಲಸಿದೆ.

ಮೊದಲ ವಾರ ಏನೂ ಗೊತ್ತಾಗಲಿಲ್ಲ. ಆಮೇಲೆ ನೀರು ಹಾಕಿದರೆ ಮೇಲೆಯೇ ನಿಲ್ಲತೊಡಗಿತು. ಬಿಸಿಲಿಗೆ ಮೇಲ್ಪದರ ಸುಣ್ಣ ಬಳಿದ ಹಾಗೆ ಬಿಳಿಚಿಕೊಂಡು ಗಟ್ಟಿಯಾಯಿತು. ಒಂದು ಗಿಡ ಕಿತ್ತು ನೋಡಿದೆ. ಮೇಲೆ ಹೆಂಚಿನ ಚೂರಿನಂತೆ ಹೆಪ್ಪುಗಟ್ಟಿದ್ದ ಮಣ್ಣು, ಒಳಗೆ ಕೆಸರು. ಬೇರು ಕಂದಾಗಿ, ಬೆರಳಲ್ಲಿ ಎಳೆದರೆ ಸಿಪ್ಪೆ ಜಾರಿ ಬರುತ್ತಿತ್ತು. ಎಂಟರಲ್ಲಿ ಆರು ಗಿಡ ಹೋದವು.

ಆಮೇಲೆ ಕೂತು ಓದಿದಾಗ ಕಾರಣ ತಿಳಿಯಿತು. ಡಯಾಟಮ್ ಅಂದರೆ ಒಂದೇ ಕೋಶದ ಪಾಚಿ. ಅದರ ಚಿಪ್ಪು ಸಿಲಿಕಾದ್ದು. ಅವು ಕೆರೆ, ಸಮುದ್ರದ ತಳದಲ್ಲಿ ಲಕ್ಷಾಂತರ ವರ್ಷ ಕೂತು ಪದರವಾಗುತ್ತವೆ, ಅದನ್ನು ಅಗೆದು ಅರೆದಿದ್ದೇ ಈ ಪುಡಿ. ಬೋನ್ಸಾಯ್ ಮಾಡುವವರು ಮಣ್ಣಿಗೆ ಹಾಕುವುದು ಇದನ್ನಲ್ಲ, ಇದೇ ಪದರದ ಮಣ್ಣನ್ನು ಸುಟ್ಟು ಗಟ್ಟಿ ಮಾಡಿದ ಹರಳನ್ನು. ಹರಳು ನೀರು ಹಿಡಿಯುತ್ತೆ, ಹರಳುಗಳ ನಡುವೆ ಗಾಳಿಯೂ ಆಡುತ್ತೆ. ನುಣ್ಣನೆ ಪುಡಿ ಮಣ್ಣಿನ ಸಂದುಗಳನ್ನೇ ಮುಚ್ಚಿಬಿಡುತ್ತೆ.

ಹುಳದ ಮಾತೂ ಅಷ್ಟೇ. ಈ ಪುಡಿ ಹುಳದ ಮೈ ಮೇಲಿನ ಮೇಣವನ್ನು ಹೀರಿ ಅದನ್ನು ಒಣಗಿಸಿ ಕೊಲ್ಲುತ್ತೆ. ಅದಕ್ಕೆ ಪುಡಿ ಒಣಗಿರಬೇಕು. ದಿನಾ ನೀರು ಕುಡಿಯುವ ಮಣ್ಣಲ್ಲಿ ಅದು ಹೇಗೆ ಕೆಲಸ ಮಾಡುತ್ತೆ ಹೇಳಿ? ಹಾಗಂತ ಗಿಡದ ಮೇಲೆ ಉದುರಿಸುವವರು ದಯವಿಟ್ಟು ಹೂವಿನ ಮೇಲೆ ಬೀಳದ ಹಾಗೆ ಉದುರಿಸಿ. ಈ ಪುಡಿಗೆ ಹಿಟ್ಟುತಿಗಣೆ ಯಾವುದು, ಜೇನು ಯಾವುದು ಅಂತ ಗೊತ್ತಾಗಲ್ಲ.

ಗಿಡ ಹೋಗಿದ್ದಕ್ಕಿಂತ ನನಗೆ ಹೆಚ್ಚು ಭಯ ಆಗಿದ್ದು ಬೇರೆ ವಿಷಯಕ್ಕೆ. ಕಲಸುವಾಗ ಮೂಗಿಗೆ ಬಟ್ಟೆಯನ್ನೂ ಕಟ್ಟಿರಲಿಲ್ಲ. ಪುಡಿ ಹೊಗೆಯ ಹಾಗೆ ಎದ್ದಿತ್ತು. ಮೂರು ದಿನ ಕೆಮ್ಮಿದೆ. ಗಿಡ ಸತ್ತ ಮೇಲೆ ಚೀಲ ತಿರುಗಿಸಿ ನೋಡಿದರೆ, ಹೊಲಿಗೆಯ ಪಕ್ಕದಲ್ಲಿ ಸಣ್ಣ ಅಕ್ಷರ: ಈಜುಕೊಳದ ಫಿಲ್ಟರ್‌ಗೆ. ಮಾರುವಾಗ ಅದರ ಮೇಲೆ ತೋಟದ ಚೀಟಿ ಅಂಟಿಸಿದ್ದರು. ಫಿಲ್ಟರ್ ಪುಡಿಯನ್ನು ತುಂಬಾ ಬಿಸಿಯಲ್ಲಿ ಸುಟ್ಟಿರುತ್ತಾರೆ. ಆಗ ಸಿಲಿಕಾದ ಒಂದು ಭಾಗ ಕ್ರಿಸ್ಟೊಬಲೈಟ್ ಎಂಬ ಸ್ಫಟಿಕ ರೂಪಕ್ಕೆ ತಿರುಗುತ್ತೆ. ಕಲ್ಲು ಕ್ವಾರಿಯಲ್ಲಿ ದುಡಿಯುವವರ ಶ್ವಾಸಕೋಶ ಕೆಡಿಸುವ ಸಿಲಿಕೋಸಿಸ್‌ಗೆ ಇಂಥ ಸ್ಫಟಿಕ ಸಿಲಿಕಾದ ದೂಳೇ ಕಾರಣ. ಆ ಕಾಯಿಲೆ ಹೆಚ್ಚಾಗಿ ಬರುವುದು ವರ್ಷಗಟ್ಟಲೆ ದೂಳು ಕುಡಿದವರಿಗೆ, ನಿಜ. ಆದರೂ ನಾನು ಕಲಸುವಾಗ ಪಕ್ಕದಲ್ಲೇ ನನ್ನ ಆರು ವರ್ಷದ ಮಗಳು ಮಗ್‌ನಲ್ಲಿ ನೀರು ಹಿಡಿದು ನಿಂತಿದ್ದಳು. ಅದು ನೆನಪಾದರೆ ಈಗಲೂ ಹೊಟ್ಟೆ ತಳಮಳಿಸುತ್ತೆ.

ಹುಳಕ್ಕೆ ಬೇಕೇ ಬೇಕು ಅಂದರೆ ಸುಡದ, ಫುಡ್ ಗ್ರೇಡ್ ಪುಡಿಯನ್ನೇ ಕೇಳಿ. ಅದನ್ನೂ ಮಾಸ್ಕ್ ಹಾಕಿಕೊಂಡು, ಗಾಳಿ ಇಲ್ಲದ ಹೊತ್ತಲ್ಲಿ, ಮಕ್ಕಳನ್ನು ಒಳಗೆ ಕಳಿಸಿ ಬಳಸಿ. ಮಣ್ಣು ಸಡಿಲ ಆಗಬೇಕಾದರೆ ಪರ್ಲೈಟ್ ಎಂಬ ಹಗುರವಾದ ಬಿಳಿ ಹರಳು, ದಪ್ಪ ಮರಳು ಸಾಕು. ಈಗಾಗಲೇ ಫಿಲ್ಟರ್ ಪುಡಿ ತಂದಿಟ್ಟಿದ್ದರೆ ಚೀಲ ಕೊಡವಬೇಡಿ. ಮೊದಲು ನೀರು ಚಿಮುಕಿಸಿ ಒದ್ದೆ ಮಾಡಿ, ಆಮೇಲೆ ಚೀಲದ ಬಾಯಿ ಕಟ್ಟಿ.