ಜೋಡಿ ಓದು, ಲ್ಯಾಪ್‌ಟಾಪ್ ಪಾಠ, ಪ್ರಾಜೆಕ್ಟ್: ಯಹೂದಿ ಶಾಲೆಗಳಲ್ಲಿ ನಾನು ಕಂಡ ಮೂರು ದಾರಿ

ಯಹೂದಿಗಳ ಧಾರ್ಮಿಕ ಶಾಲೆಯಲ್ಲಿ ನಿಮಗೇನ್ರೀ ಕೆಲಸ ಅಂತ ಊರಿಗೆ ಹೋದಾಗಲೆಲ್ಲ ಕೇಳುತ್ತಾರೆ. ಗಣಿತ ಹೇಳಿಕೊಡುವ ಕೆಲಸ. ಅಮೆರಿಕದ ಆರ್ಥೊಡಾಕ್ಸ್, ಅಂದರೆ ಸಂಪ್ರದಾಯಸ್ಥ ಯಹೂದಿಗಳ ಡೇ ಸ್ಕೂಲುಗಳಲ್ಲಿ ದಿನವೇ ಎರಡು ಹೋಳು. ಒಂದು ಹೋಳು ತೋರಾ (ಮೂಲ ಧರ್ಮಗ್ರಂಥ), ಮಿಶ್ನಾ (ಹಳೆಯ ನಿಯಮಗಳ ಸಂಗ್ರಹ), ಗೆಮಾರಾ (ಮಿಶ್ನಾದ ಮೇಲಿನ ಚರ್ಚೆ, ಎರಡೂ ಸೇರಿದರೆ ಟಾಲ್ಮುಡ್), ಹೀಬ್ರೂಗೆ. ಇನ್ನೊಂದು ಗಣಿತ, ವಿಜ್ಞಾನ, ಇಂಗ್ಲಿಷ್, ಇತಿಹಾಸಕ್ಕೆ. ಮೊದಲನೆಯದನ್ನು ರಬ್ಬಿಗಳು, ಅಂದರೆ ಧರ್ಮಗುರುಗಳು ನೋಡಿಕೊಳ್ಳುತ್ತಾರೆ. ಎರಡನೆಯದಕ್ಕೆ ವಿಷಯ ಗೊತ್ತಿದ್ದರೆ ಸಾಕು, ಮೇಷ್ಟ್ರು ಯಾವ ಧರ್ಮದವರಾದರೂ ನಡೆಯುತ್ತದೆ. ಹಾಗಾಗಿ ನ್ಯೂಜೆರ್ಸಿಯಲ್ಲಿ ಇಂಥ ಮೂರು ಶಾಲೆಗಳನ್ನು ಒಳಗಿನಿಂದ ಕಂಡಿದ್ದೇನೆ. ಒಂದರಲ್ಲಿ ಹಳೆಯ ಯೆಶಿವಾ (ಧರ್ಮಗ್ರಂಥ ಓದುವ ಪಾಠಶಾಲೆ) ಪದ್ಧತಿಯ ಜೋಡಿ ಓದು. ಇನ್ನೊಂದರಲ್ಲಿ ಲ್ಯಾಪ್‌ಟಾಪ್ ನೆಚ್ಚಿಕೊಂಡ ಬ್ಲೆಂಡೆಡ್ ಪಾಠ. ಮೂರನೆಯದರಲ್ಲಿ ಏನೇ ಆದರೂ ಪ್ರಾಜೆಕ್ಟ್. ಮೂರನ್ನೂ ನನ್ನ ಗಣಿತದ ಕ್ಲಾಸಿಗೂ ತಂದು ನೋಡಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಜೋಡಿ ಓದಿಗೆ. ಹಾಗಂತ ಎಲ್ಲ ಕೆಲಸಕ್ಕೂ ಅದೇ ಅಲ್ಲ.

ಈ ಜೋಡಿ ಓದನ್ನು ಅವರು ಹವ್ರೂತಾ ಅನ್ನುತ್ತಾರೆ. ಬೇತ್ ಮಿದ್ರಾಶ್ ಅನ್ನುವ ದೊಡ್ಡ ಹಾಲ್. ಉದ್ದುದ್ದ ಮೇಜು. ಇಬ್ಬಿಬ್ಬರು ಎದುರುಬದುರು ಕೂತು ಒಂದೇ ಪುಟದ ಮೇಲೆ ಜೋರಾಗಿ ವಾದ ಮಾಡುತ್ತಾರೆ. ಒಳಗೆ ಕಾಲಿಟ್ಟರೆ ಕೆ.ಆರ್. ಮಾರ್ಕೆಟ್ಟಿಗೆ ಬಂದ ಹಾಗಾಗುತ್ತದೆ. ಶಿಕ್ಷಕರು ಎಲ್ಲೋ ಮೂಲೆಯಲ್ಲಿ ಓಡಾಡಿಕೊಂಡಿರುತ್ತಾರೆ. ಅವರ ಪಾಠ ಆಮೇಲೆ. ಮೊದಲು ಹುಡುಗರೇ ಹೆಣಗಬೇಕು.

ಗೆಮಾರಾ ಪುಟವೇ ಜಗಳದ ಆಕಾರದಲ್ಲಿದೆ. ನಡುವೆ ಮೂಲ. ಒಂದು ಬದಿಗೆ 11ನೇ ಶತಮಾನದ ಫ್ರಾನ್ಸಿನ ರಾಶಿ ಅನ್ನುವ ಪಂಡಿತ ಬರೆದ ವಿವರಣೆ. ಇನ್ನೊಂದು ಬದಿಗೆ ತೊಸಾಫೊತ್, ಅಂದರೆ ಆ ರಾಶಿಯ ಜೊತೆಗೇ ತಕರಾರು ತೆಗೆಯುವ ಮುಂದಿನ ತಲೆಮಾರಿನವರು. ಇವರಲ್ಲಿ ರಾಶಿಯ ಮೊಮ್ಮಕ್ಕಳೂ ಇದ್ದಾರೆ.

ಹನ್ನೊಂದು ಹನ್ನೆರಡರ ಹುಡುಗರಿಗೆ ಶುರುವಿನಲ್ಲೇ ಹಾಕುವ ಪಾಠಗಳಲ್ಲೊಂದು, ಕಳೆದುಹೋದ ವಸ್ತುವಿನದು. ದಾರಿಯಲ್ಲಿ ಚೆಲ್ಲಿದ ನಾಣ್ಯ ಸಿಕ್ಕಿದರೆ ಅದು ಸಿಕ್ಕಿದವನದೇ. ಕಳೆದುಕೊಂಡವನು ಆಗಲೇ ಆಸೆ ಬಿಟ್ಟಿರುತ್ತಾನೆ, ಯಾಕೆಂದರೆ ಜನ ಆಗಾಗ ಚೀಲ ಮುಟ್ಟಿ ನೋಡಿಕೊಳ್ಳುತ್ತಾರೆ. ಸರಿ, ಆದರೆ ಕಳೆದದ್ದು ಅವನಿಗೆ ಇನ್ನೂ ಗೊತ್ತೇ ಆಗದಿದ್ದರೆ? ಗೊತ್ತಾದಾಗ ಹೇಗೂ ಬಿಡುತ್ತಾನೆ, ಆದ್ದರಿಂದ ಈಗಲೇ ಬಿಟ್ಟ ಹಾಗೆ ಅನ್ನುವವನು ರಾವಾ. ಇಲ್ಲ ಅನ್ನುವವನು ಅಬಾಯೆ. ಇಬ್ಬರೂ 4ನೇ ಶತಮಾನದ ಬ್ಯಾಬಿಲೋನಿಯಾದವರು. ಆ ವಾದ ನನ್ನ ಎದುರಿಗೇ ಮತ್ತೆ ನಡೆಯಿತು. "ಅವನಿಗೆ ಕಳೆದದ್ದೇ ಗೊತ್ತಿಲ್ಲ, ಆಸೆ ಬಿಡೋದು ಹೇಗೆ?" ಅಂತ ಒಬ್ಬ. "ಗೊತ್ತಾದ ತಕ್ಷಣ ಬಿಡ್ತಾನಲ್ಲ, ಅಷ್ಟು ಸಾಕು" ಅಂತ ಇನ್ನೊಬ್ಬ. ಮೊದಲನೆಯವನು ಮೇಜು ಗುದ್ದಿದ. "ನಾಳೆ ಬಿಡೋ ಆಸೆಗೆ ಇವತ್ತೇ ಲೆಕ್ಕನಾ?" ಸಾಮಾನ್ಯವಾಗಿ ಈ ಇಬ್ಬರ ಜಗಳದಲ್ಲಿ ಗೆಲ್ಲೋದು ರಾವಾ. ಅಬಾಯೆ ಗೆಲ್ಲುವ ಆರೇ ಆರು ಕಡೆಗಳಲ್ಲಿ ಇದೂ ಒಂದು. ಅದು ಮೇಜು ಗುದ್ದಿದ ಹುಡುಗನಿಗೆ ಇನ್ನೂ ಗೊತ್ತಿರಲಿಲ್ಲ. ರಬ್ಬಿ ಹೇಳಿದಾಗ ಅವನ ಮುಖ ನೋಡಬೇಕಿತ್ತು.

ಟಾಲ್ಮುಡ್‌ನಲ್ಲೇ ಒಂದು ಕಥೆಯಿದೆ. ರಬ್ಬಿ ಯೋಹಾನನ್‌ನ ಓದಿನ ಜೊತೆಗಾರ ರೇಶ್ ಲಾಕಿಶ್ ತೀರಿಕೊಂಡ. ಹೊಸ ಜೊತೆಗಾರನನ್ನು ಕಳಿಸಿದರು. ಯೋಹಾನನ್ ಹೇಳಿದ್ದಕ್ಕೆಲ್ಲ ಆ ಹೊಸಬ "ಸರಿ, ಅದಕ್ಕೆ ಆಧಾರವೂ ಇದೆ" ಅಂದ. ಯೋಹಾನನ್‌ಗೆ ತಡೆಯಲಾಗಲಿಲ್ಲ. ರೇಶ್ ಲಾಕಿಶ್ ಇದ್ದಿದ್ದರೆ 24 ಆಕ್ಷೇಪ ಎತ್ತುತ್ತಿದ್ದ, ನಾನು 24 ಉತ್ತರ ಕೊಡುತ್ತಿದ್ದೆ ಅಂತ ಗೋಳಾಡಿದ. ಒಳ್ಳೆಯ ಜೊತೆ ಯಾವುದು ಅನ್ನೋದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಅಳತೆ ಸಿಕ್ಕಿಲ್ಲ.

ತೊಂದರೆಗಳೂ ಇವೆ. ಗೆಮಾರಾದ ಭಾಷೆಯಾದ ಅರಾಮಿಕ್ ಓದಲು ಬಾರದ ಹುಡುಗ ಜೋಡಿಯಲ್ಲಿ ಮುಳುಗಿಹೋಗುತ್ತಾನೆ. ಜಾಣನೇ ಎಲ್ಲ ಹೇಳುತ್ತಾನೆ, ಇವನು ಸುಮ್ನೆ ತಲೆಯಾಡಿಸುತ್ತಾನೆ. ಇಬ್ಬರೂ ಸಮ ಅಂತಾದರೆ ಹತ್ತು ನಿಮಿಷಕ್ಕೆ ಮಾತು ಯಾಂಕೀಸ್ ಬೇಸ್‌ಬಾಲ್ ಮ್ಯಾಚಿಗೆ ಹೊರಳುತ್ತದೆ. ವರ್ಷಪೂರ್ತಿ ಕೂತರೂ ಮುಗಿಯುವುದು ಕೆಲವೇ ಪುಟ. ಗಣಿತದಲ್ಲಿ ಜ್ಯಾಮಿತಿಯ ಸಾಧನೆಗಳಿಗೆ (ಪ್ರೂಫ್) ಇದನ್ನು ಹಾಕಿದೆ, ಚೆನ್ನಾಗಿ ಹತ್ತಿತು. ಒಬ್ಬ ಹೆಜ್ಜೆ ಹೇಳಬೇಕು, ಇನ್ನೊಬ್ಬ "ಯಾಕೆ?" ಅನ್ನಬೇಕು, ಅಷ್ಟೇ ನಿಯಮ. ಭಿನ್ನರಾಶಿ ಕೂಡುವ ಅಭ್ಯಾಸಕ್ಕೆ ಮಾತ್ರ ದಂಡ. ಅದರಲ್ಲಿ ವಾದ ಮಾಡಲು ಏನಿದೆ?

ಅಲ್ಲಿ ಲ್ಯಾಪ್‌ಟಾಪ್ ಗೆಲ್ಲುತ್ತದೆ. ಅದು ಬಂದಿದ್ದಕ್ಕೆ ದುಡ್ಡೂ ಕಾರಣ. ಈ ಶಾಲೆಗಳ ಫೀಸು ಒಂದು ಮಗುವಿಗೆ ವರ್ಷಕ್ಕೆ 20,000 ಡಾಲರ್ ಆಸುಪಾಸು, ಹೈಸ್ಕೂಲಿಗೆ ಇನ್ನೂ ಜಾಸ್ತಿ. ಮನೆಯಲ್ಲಿ ನಾಲ್ಕು ಮಕ್ಕಳಿರೋದು ಇಲ್ಲಿ ಮಾಮೂಲಿ. ಲೆಕ್ಕ ಹಾಕಿ ನೋಡಿ. 2012ರಲ್ಲಿ ನ್ಯೂಜೆರ್ಸಿಯ ಬರ್ಗನ್‌ಫೀಲ್ಡ್‌ನಲ್ಲಿ ಯೆಶಿವತ್ ಹೆ ಅತೀದ್ ಅನ್ನುವ ಶಾಲೆ ಬ್ಲೆಂಡೆಡ್ ಪಾಠ ಮತ್ತು ಕಡಿಮೆ ಫೀಸು ಎರಡನ್ನೂ ಮುಂದಿಟ್ಟು ಶುರುವಾಯಿತು. ಅವಿ ಹೈ ಫೌಂಡೇಶನ್ ಕೂಡ ಡೇ ಸ್ಕೂಲುಗಳ ಇಂಥ ಪ್ರಯೋಗಗಳಿಗೆ ಹಣ ಕೊಟ್ಟಿತು. ನಾನು ದುಡಿದದ್ದು ಬೇರೆ ಶಾಲೆ, ಆದರೆ ವಿಧಾನ ಇಂಥದ್ದೇ. ತರಗತಿ ಮೂರು ಗುಂಪು. ಒಂದು ಗುಂಪು ನನ್ನ ಜೊತೆ, ಒಂದು ಪರದೆಯ ಮುಂದೆ, ಒಂದು ತನ್ನಷ್ಟಕ್ಕೆ. ಸ್ವಲ್ಪ ಹೊತ್ತಿಗೆ ಅದಲುಬದಲು. ಹೀಗಾದರೆ ತರಗತಿ ದೊಡ್ಡದಿದ್ದರೂ ನಡೆಯುತ್ತದೆ.

ತಮಾಷೆ ಅಂದರೆ, ತರಗತಿ ಎಷ್ಟು ದೊಡ್ಡದಿರಬೇಕು ಅಂತ ಟಾಲ್ಮುಡ್ ಬಾವಾ ಬತ್ರಾ ಅನ್ನುವ ಸಂಪುಟದಲ್ಲಿ ಆಗಲೇ ಹೇಳಿಬಿಟ್ಟಿದೆ. 25 ಮಕ್ಕಳಿಗೆ ಒಬ್ಬ ಶಿಕ್ಷಕ. 40 ಆದರೆ ಒಬ್ಬ ಸಹಾಯಕ. 50 ಆದರೆ ಇಬ್ಬರು ಶಿಕ್ಷಕರು. ಸ್ಟಾಫ್ ಮೀಟಿಂಗಿನಲ್ಲಿ ಒಬ್ಬರು ರಬ್ಬಿ ಇದನ್ನು ಓದಿ, "ಈ ಲ್ಯಾಪ್‌ಟಾಪ್ ಸಹಾಯಕನೋ, ಶಿಕ್ಷಕನೋ?" ಅಂದರು. ಪ್ರಿನ್ಸಿಪಾಲರು ನಕ್ಕು ಮುಂದಿನ ವಿಷಯಕ್ಕೆ ಹೋದರು.

ಯಾವ ಮಗುವಿಗೆ ಛೇದ ಸಮ ಮಾಡೋದು ಬರುವುದಿಲ್ಲ ಅಂತ ಬೆಳಿಗ್ಗೆ ರಿಪೋರ್ಟಿನಲ್ಲೇ ಕಾಣುತ್ತದೆ. ಇದು ನಿಜಕ್ಕೂ ದೊಡ್ಡ ಉಪಕಾರ. ಹೀಬ್ರೂ ಪದಗಳ ಅಭ್ಯಾಸಕ್ಕೂ ಅಷ್ಟೇ. ಆದರೆ ಮಕ್ಕಳು ನಮಗಿಂತ ಚುರುಕು. ನಾಲ್ಕು ಆಯ್ಕೆಗಳನ್ನೂ ಟಕಟಕ ಒತ್ತಿ, ಸುಳಿವು ಬರಿಸಿಕೊಂಡು, ಲೆಕ್ಕ ಓದದೇ ಮುಂದಿನ ಹಂತಕ್ಕೆ ಹೋಗುವ ಕಲೆಯನ್ನು ಒಂದೇ ವಾರದಲ್ಲಿ ಕಲಿತರು. ರಿಪೋರ್ಟಿನಲ್ಲಿ ಎಲ್ಲ ಹಸಿರು. ಬೋರ್ಡಿಗೆ ಕರೆದರೆ ಸೊನ್ನೆ.

ಗೆಮಾರಾಕ್ಕೆ ಪರದೆ ಬಂದದ್ದು ಸೆಫಾರಿಯಾ ರೂಪದಲ್ಲಿ. ಇದು ಉಚಿತ ಡಿಜಿಟಲ್ ಗ್ರಂಥಾಲಯ. 2017ರಿಂದ ರಬ್ಬಿ ಸ್ಟೈನ್‌ಸಾಲ್ಟ್ಸ್ ಅವರ ಟಾಲ್ಮುಡ್ ಇಂಗ್ಲಿಷ್ ಅನುವಾದ ಅಲ್ಲಿ ಬರತೊಡಗಿತು. ನನ್ನಂಥ ಹೊರಗಿನವನಿಗೆ ಬಾಗಿಲು ತೆರೆದದ್ದೇ ಇದು. ಹೀಬ್ರೂ ಬಾರದೆಯೂ ಹುಡುಗರ ಜಗಳ ನನಗೆ ಅರ್ಥವಾಗಿದ್ದು ಅದರಿಂದ. ರಬ್ಬಿಗಳಲ್ಲಿ ಮಾತ್ರ ಎರಡು ಪಂಗಡ. ಅನುವಾದ ಕೈಯಲ್ಲಿದ್ದರೆ ಹೆಣಗುವುದೇ ತಪ್ಪುತ್ತದೆ ಅನ್ನುವವರು ತರಗತಿಯೊಳಗೆ ಅದನ್ನು ಬರಗೊಡುವುದಿಲ್ಲ. ಅವರ ಮಾತೂ ಸುಳ್ಳಲ್ಲ. ಹೇಗೂ ಶಬ್ಬಾತ್, ಅಂದರೆ ಶನಿವಾರದ ವಿರಾಮದ ದಿನ ಸ್ವಿಚ್ ಮುಟ್ಟುವ ಹಾಗಿಲ್ಲ. ಪುಸ್ತಕ ಓದಲು ಬರಲೇಬೇಕು.

ಇನ್ನು ಪ್ರಾಜೆಕ್ಟ್. ಇದರ ಬಗ್ಗೆ ನನಗೆ ಮೊದಲಿಂದಲೂ ಅನುಮಾನ. ಥರ್ಮಾಕೋಲು, ಅಂಟು, ಕೊನೆಗೆ ಅಪ್ಪ ಅಮ್ಮ ರಾತ್ರಿ ಕೂತು ಮುಗಿಸಿದ ಮಾಡೆಲ್. ಹೆಚ್ಚಿನವು ಹಾಗೇ ಆದವು. ಒಂದು ಮಾತ್ರ ಹಾಗಾಗಲಿಲ್ಲ, ಸುಕ್ಕಾ ಪ್ರಾಜೆಕ್ಟ್.

ಸುಕ್ಕೋತ್ ಹಬ್ಬಕ್ಕೆ ಮನೆ ಹೊರಗೆ ಕಟ್ಟುವ ಚಪ್ಪರ ಸುಕ್ಕಾ. ಸೆಪ್ಟೆಂಬರ್ ಅಥವಾ ಅಕ್ಟೋಬರಿನಲ್ಲಿ ಬರುತ್ತದೆ. ಆ ತಿಂಗಳು ಹಬ್ಬದ ಮೇಲೆ ಹಬ್ಬ, ಗಣಿತ ಮೇಷ್ಟ್ರಿಗೆ ಪಾಠವೇ ಸಿಗುವುದಿಲ್ಲ, ಅದು ಬೇರೆ ಗೋಳು. ಮಿಶ್ನಾದ ನಿಯಮ ಪಕ್ಕಾ ಲೆಕ್ಕದ್ದು. ಎತ್ತರ 20 ಮೊಳ ಮೀರಬಾರದು, 10 ಹಿಡಿಯಗಲಕ್ಕಿಂತ ಕಡಿಮೆ ಇರಬಾರದು. ಒಳಗೆ ಬಿಸಿಲಿಗಿಂತ ನೆರಳು ಜಾಸ್ತಿ ಇರಬೇಕು. ಮೊಳ ಅಂದರೆ ಎಷ್ಟು? ರಬ್ಬಿ ಹೈಮ್ ನಾಏ ಪ್ರಕಾರ 48 ಸೆಂಟಿಮೀಟರ್, ಹಜೋನ್ ಈಶ್ ಅನ್ನುವ ಇನ್ನೊಬ್ಬ ರಬ್ಬಿಯ ಪ್ರಕಾರ ಸುಮಾರು 58. ಅಲ್ಲಿಗೆ ಎತ್ತರದ ಮಿತಿ 9.6 ಮೀಟರೋ, ಹನ್ನೊಂದೂವರೆಯೋ?

ಮಕ್ಕಳು ಬಿದಿರು ಕಡ್ಡಿ ಹಾಸಿ, ಕೆಳಗೆ ಗ್ರಾಫ್ ಹಾಳೆ ಇಟ್ಟು, ನೆರಳಿನ ಚೌಕ ಎಣಿಸಿದರು. ಒಂದು ಗುಂಪಿಗೆ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಬಂತು. ಇನ್ನೊಂದು ಗುಂಪಿನ ಹುಡುಗಿ ಕೇಳಿದಳು, "ಸರ್, ಹಾಳೆ ಕೆಳಗೆ ಇಳಿಸಿದಷ್ಟೂ ಬಿಸಿಲಿನ ಮಚ್ಚೆ ದೊಡ್ಡದಾಗ್ತಿದೆ, ಎಲ್ಲಿಟ್ಟು ಅಳೆಯೋದು?" ನಾನು ಬೆಳಕಿನ ಕೋನದ ಚಿತ್ರ ಬರೆಯಲು ಹೊರಟೆ. ಪಕ್ಕದಲ್ಲಿದ್ದ ರಬ್ಬಿ ಟಾಲ್ಮುಡ್‌ನ ಸುಕ್ಕಾ ಸಂಪುಟದ 22ನೇ ಹಾಳೆ ತೆರೆದರು. ಮೇಲೆ ಸಣ್ಣ ನಾಣ್ಯದಷ್ಟು ತೂತಿದ್ದರೆ ಕೆಳಗೆ ದೊಡ್ಡ ನಾಣ್ಯದಷ್ಟು ಬೆಳಕು ಅಂತ ಅಲ್ಲಿ ರವ್ ಪಾಪಾ ಅನ್ನುವ ಪಂಡಿತ ಹೇಳಿದ್ದಾನೆ. ಆ ಹೊತ್ತು ಎರಡು ಹೋಳಿನ ದಿನ ಒಂದಾಗಿತ್ತು. ಇನ್ನೊಂದು ವಿಷಯ ಗಮನಿಸಿ. ಆ ಪ್ರಾಜೆಕ್ಟ್ ಗೆದ್ದದ್ದು ಬಿದಿರಿನಿಂದಲ್ಲ, ಅದರೊಳಗೆ ಜಗಳಕ್ಕೆ ಜಾಗ ಇತ್ತು.

ಹಳೆಯದು, ಹೊಸದು ಅಂತ ಇವನ್ನು ಬೇರೆ ಮಾಡುವವರಿಗೆ ಒಂದು ಮಾತು. ಹೆಣ್ಣುಮಕ್ಕಳಿಗೆ ಬೈಸ್ ಯಾಕೊವ್ ಶಾಲೆ ಅನ್ನೋದು ಇವತ್ತು ಕಟ್ಟಾ ಸಂಪ್ರದಾಯ. ಅದನ್ನು 1917ರಲ್ಲಿ ಈಗಿನ ಪೋಲೆಂಡಿನ ಕ್ರಾಕೋವ್‌ನಲ್ಲಿ ಶುರು ಮಾಡಿದ್ದು ಸಾರಾ ಶೆನಿರೆರ್ ಅನ್ನುವ ದರ್ಜಿ ಹೆಂಗಸು. ಆಗ ಅದೇ ಹೊಸ ಪ್ರಯೋಗ.

ಈಗ ನನ್ನ ಕ್ಲಾಸಿನಲ್ಲಿ ಅಭ್ಯಾಸದ ಲೆಕ್ಕ ಪರದೆಯ ಮೇಲೆ, ಅದೂ ಇಪ್ಪತ್ತು ನಿಮಿಷ ಮೀರದಂತೆ. ಸಾಧನೆ ಮತ್ತು ಮಾತಿನ ಲೆಕ್ಕ ಜೋಡಿಯಲ್ಲಿ. ಜೋಡಿ ಕಟ್ಟುವಾಗ ಜಾಣ ಮತ್ತು ದಡ್ಡ ಅಂತ ಸೇರಿಸುವುದಿಲ್ಲ, ಹತ್ತಿರ ಹತ್ತಿರ ಮಟ್ಟದವರನ್ನು ಕೂರಿಸುತ್ತೇನೆ. ಪ್ರಾಜೆಕ್ಟ್ ವರ್ಷಕ್ಕೆ ಒಂದು ಸಾಕು.

ಭಾನುವಾರ ಇಲ್ಲಿನ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇವೆ. ಅಲ್ಲೂ ಇದೇ ಹಂಚಿಕೆ ತಂದಿದ್ದೇನೆ. ಕಾಗುಣಿತ ಮನೆಯಲ್ಲಿ ಆ್ಯಪ್‌ನಲ್ಲಿ. ಕ್ಲಾಸಿನಲ್ಲಿ ಇಬ್ಬಿಬ್ಬರಿಗೆ ಒಂದು ಗಾದೆ. "ಮಾತು ಬೆಳ್ಳಿ, ಮೌನ ಬಂಗಾರ" ಕೊಟ್ಟರೆ ಒಬ್ಬರು ಒಪ್ಪಬೇಕು, ಇನ್ನೊಬ್ಬರು ಒಪ್ಪಬಾರದು. ಕೋಪ ಬಂದಾಗ ಅರ್ಧ ಇಂಗ್ಲಿಷ್ ನುಗ್ಗುತ್ತದೆ, ನಾನು ತಡೆಯುವುದಿಲ್ಲ. ಗದ್ದಲ ಜಾಸ್ತಿ ಅಂತ ಪಕ್ಕದ ರೂಮಿನ ಭರತನಾಟ್ಯದವರು ದೂರು ಕೊಟ್ಟಿದ್ದಾರೆ.